ಜ್ವರ ಬಂದವರ ಗುಳಿ, ಬಾರದವರ ಗುಳಿ

ಪಾತ್ರೆ ಕೊಳ್ಳುವಾಗ ಹೊಳಪು ನೋಡಬೇಡಿ, ಅಡಿ ಬಡಿದು ನೋಡಿ. ಇದು ನನ್ನ ಅಂಗಡಿಗೆ ಬರುವ ಹೊಸ ಹೆಣ್ಣುಮಕ್ಕಳಿಗೆ ನಾನು ಹೇಳುವ ಮೊದಲ ಮಾತು. ಹೊಳಪು ಎಲ್ಲ ಪಾತ್ರೆಗೂ ಇರುತ್ತದೆ. ತಗಡು ದಪ್ಪವೋ ತೆಳುವೋ ಅನ್ನುವುದನ್ನು ಅಡಿಯ ಸದ್ದೇ ಹೇಳಬೇಕು. ಕೊರೊನಾ ಕಾಲದಲ್ಲಿ ಸಂಜೆ ಸಂಜೆ ಟಿವಿಯಲ್ಲಿ ಬರುತ್ತಿದ್ದ ಅಂಕಿಗಳನ್ನೂ ನಾನು ಹಾಗೆಯೇ ಬಡಿದು ನೋಡುತ್ತಿದ್ದೆ.

ನಾನು ಹೆಚ್ಚು ಓದಿದವಳಲ್ಲ. ಮದುವೆಯಾದ ಹೊಸದರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್ ಸಾಲುಗಳಲ್ಲಿ "ಹಳೇ ಸೀರೆ ಕೊಡಿ, ಸ್ಟೀಲ್ ಪಾತ್ರೆ ತಗೊಳ್ಳೀ" ಅಂತ ಕೂಗುತ್ತಾ ತಿರುಗಿದವಳು. ಈಗ ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡಗಲ್ಲಿಯೊಂದರಲ್ಲಿ ನನ್ನದೇ ಪಾತ್ರೆ ಅಂಗಡಿಯಿದೆ. ಬುಟ್ಟಿಯಿಂದ ಅಂಗಡಿಗೆ ಬಂದದ್ದು ಯಾರ ಕೃಪೆಯಿಂದಲೂ ಅಲ್ಲ, ನನ್ನ ಬಾಯಿಯ ಬಲದಿಂದ ಅಂತ ಎದೆ ತಟ್ಟಿಕೊಂಡು ಹೇಳುತ್ತೇನೆ. ಅದರಲ್ಲಿ ಒಂದು ಪಾಲು ಮಾತ್ರ ನನ್ನ ಅಕ್ಕನದು. ಭಾವ ಕಾಗದದ ಕಾರ್ಖಾನೆಯಲ್ಲಿದ್ದರು. ಅವರ ಕ್ವಾರ್ಟರ್ಸಿನ ಜಗುಲಿಯೇ ನನ್ನ ಮೊದಲ ಅಂಗಡಿ. ನಾನು ಬುಟ್ಟಿ ಇಳಿಸಿದ ಕೂಡಲೇ ಅಕ್ಕ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು, ನಡುವೆ ತಾನು ಕೂರುತ್ತಿದ್ದಳು. ನಾನು ಸೀರೆಯ ಜರಿಯನ್ನು ಹೀಗಳೆದರೆ ನನಗೆ ಬೈಯುತ್ತಿದ್ದಳು, ಅವರು ಹರಿದ ಸೀರೆಯನ್ನು ಮಡಿಕೆಯೊಳಗೆ ಅಡಗಿಸಿ ತಂದರೆ ಅವರಿಗೆ ಬೈಯುತ್ತಿದ್ದಳು.

ಕಾರ್ಖಾನೆ ನಿಂತ ಮೇಲೂ ಅಕ್ಕ ಭಾವ ಆ ಕಡೆಯೇ ಉಳಿದರು. ಭಾವ ನಿವೃತ್ತರು, ಟಿವಿಯ ಮುಂದೆಯೇ ಅವರ ಪಾಳಿ. ಅಕ್ಕನಿಗೆ ಸಕ್ಕರೆ ಕಾಯಿಲೆ, ಚಳಿಗಾಲ ಬಂದರೆ ಉಬ್ಬಸ. "ಇವರಿಗೆ ಈ ರೋಗ ತಗುಲದ ಹಾಗೆ ನೋಡಿಕೊಳ್ಳಿ, ತಗುಲಿದರೆ ಕಷ್ಟ" ಅಂತ ಅವಳನ್ನು ನೋಡುವ ಡಾಕ್ಟರು ನನ್ನ ಎದುರಿಗೇ ಹೇಳಿದ್ದರು.

ಎರಡನೇ ಅಲೆ ಏರತೊಡಗಿದಾಗ ಭಾವನ ಫೋನು ದಿನಾ ಸಂಜೆ ತಪ್ಪುತ್ತಿರಲಿಲ್ಲ.

"ನೋಡಿದೆಯೇನಮ್ಮಾ? ಇವತ್ತು ನಮ್ಮ ಜಿಲ್ಲೆಯಲ್ಲಿ ಇಳಿದುಬಿಟ್ಟಿದೆ!"

"ಟೆಸ್ಟ್ ಎಷ್ಟು ಜನಕ್ಕೆ ಮಾಡಿದ್ರಂತೆ ಭಾವ?"

"ಅದು ಯಾಕೆ ನಿಂಗೆ? ಕಾಯಿಲೆ ಬಂದವರು ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ತೋರಿಸ್ತಿದಾರಲ್ಲ!"

"ನಿನ್ನೆ ಭಾನುವಾರ ಭಾವ, ಟೆಸ್ಟೇ ಕಡಿಮೆ ಆಗಿರುತ್ತೆ. ನಾನು ಅಂಗಡಿಗೆ ಅರ್ಧ ಬಾಗಿಲು ಹಾಕ್ಕೊಂಡು ಕೂತು, ಇವತ್ತು ತೂತಾಗಿ ವಾಪಸ್ ಬಂದ ಪಾತ್ರೆ ಕಡಿಮೆ, ನನ್ನ ಮಾಲು ಚಿನ್ನ ಅಂದ್ರೆ ನೀವು ನಂಬ್ತೀರಾ?"

"ನಿನ್ನ ಹತ್ರ ಮಾತಾಡೋದಕ್ಕಿಂತ ಗೋಡೆ ಹತ್ರ ಮಾತಾಡಬಹುದು" ಅಂದು ಫೋನಿಡುತ್ತಿದ್ದರು. ವಾರದ ನಡುವೆ ಅಂಕಿ ಮೇಲೆ ಹಾರಿದರೆ ಅವರ ದನಿ ಪಾತಾಳಕ್ಕೆ ಇಳಿದಿರುತ್ತಿತ್ತು. ಆಗಲೂ ನಾನು ಅದನ್ನೇ ಕೇಳುತ್ತಿದ್ದೆ: ಎಷ್ಟು ಜನರನ್ನು ನೋಡಿದರು, ಅದರಲ್ಲಿ ಎಷ್ಟು ಜನಕ್ಕೆ ಬಂತು, ಹೋದ ವಾರ ಇದೇ ದಿನ ಹೇಗಿತ್ತು. ಒಂದು ದಿನದ ಗಲ್ಲಾ ನೋಡಿ ಅಂಗಡಿ ಏಳುತ್ತೋ ಮುಳುಗುತ್ತೋ ಅಂತ ಹೇಳುವವನು ವ್ಯಾಪಾರಿಯಲ್ಲ. ನೀವೂ ನೆನಪಿಟ್ಟುಕೊಳ್ಳಿ, ಇನ್ನೊಂದು ರೋಗ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ನನ್ನ ವಯಸ್ಸಿನವರಿಗೆ ಲಸಿಕೆ ಅಂತ ಹೇಳಿದ ಕೂಡಲೇ ನಾನು ಹೋಗಿ ಚುಚ್ಚಿಸಿಕೊಂಡು ಬಂದೆ. ಮಾರನೇ ವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆ, ಅಕ್ಕನನ್ನು ಕೈಹಿಡಿದು ಕರೆದುಕೊಂಡೇ ಹೋಗಬೇಕು ಅಂತ. ಜಗುಲಿಯಲ್ಲಿ ಹಳೆಯ ಗಿರಾಕಿಗಳೆಲ್ಲ ಸೆರಗು ಮೂಗಿಗೆ ಹಿಡಿದು ದೂರ ದೂರ ಕೂತಿದ್ದರು.

"ಎಲ್ಲರೂ ತಗೊಂಡ್ರಾ?" ಅಂದೆ.

ಒಬ್ಬಳು ನಕ್ಕಳು. "ಪಾತ್ರೆ ಅಕ್ಕ, ಪುಕ್ಕಟೆ ಕೊಡೋ ಮಾಲಲ್ಲಿ ಏನಾದ್ರೂ ಐಬು ಇದ್ದೇ ಇರುತ್ತೆ ಅಂತ ಹೇಳಿಕೊಟ್ಟೋರು ಯಾರು? ನೀವೇ ಅಲ್ವಾ?"

ಎದುರು ಮನೆಯ ತಮಿಳು ಹೆಂಗಸು ಬಿಡುತ್ತಾಳೆಯೇ? "ಮೊದಲನೇ ರೇಟಿಗೆ ಒಪ್ಪಬೇಡಿ, ಕಾಯಿರಿ ಅಂತಲೂ ಹೇಳಿದ್ರಿ ಅಮ್ಮಾ. ಕಾಯ್ತಿದ್ದೀವಿ. ಇನ್ನೊಂದು ಒಳ್ಳೆ ಕಂಪನಿದು ಬರುತ್ತಂತೆ, ಅದನ್ನೇ ಹಾಕಿಸ್ಕೋತೀವಿ."

ಎಲ್ಲರೂ ಹೋ ಅಂತ ನಕ್ಕರು. ಇಷ್ಟು ವರ್ಷ ನಾನು ಕಲಿಸಿದ ಪಾಠವನ್ನು ಒಂದಕ್ಷರ ಬಿಡದೆ ನನಗೇ ಒಪ್ಪಿಸುತ್ತಿದ್ದರು. ಸಿಟ್ಟು ಬಂತು, ಒಳಗೊಳಗೆ, ಕಲಿತಿದ್ದಾರಲ್ಲ ಅಂತ ಹೆಮ್ಮೆಯೂ ಆಯಿತು.

"ಅದು ನನ್ನಂಥವಳ ಹತ್ರ ಮಾಡೋ ಚೌಕಾಸಿ ಕಣ್ರಮ್ಮಾ. ನೀವು ಕಾದ್ರೆ ನಾನು ಇಳಿಸ್ತೀನಿ, ನನಗೆ ಗಿರಾಕಿ ಬೇಕು. ಕಾಯಿಲೆ ಇಳಿಸುತ್ತಾ? ಅದಕ್ಕೆ ನೀವು ಕಾದಷ್ಟೂ ಲಾಭ."

ಅಕ್ಕ ನಗಲಿಲ್ಲ. ಒಳಗೆ ಕಾಫಿ ಸೋಸುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ಮೂಲೆ ಮನೆಯವರು ಸೂಜಿ ತಗೊಂಡ ವಾರದಲ್ಲೇ ಹೋಗಿಬಿಟ್ರು. ಅವರ ಹೆಂಡತಿ ಕೈ ಹಿಡ್ಕೊಂಡು ಕೂತಿದ್ದು ನಾನು. ನೀನು ಟಿವಿ ನೋಡಿ ಮಾತಾಡ್ತೀಯ. ನಾನು ಕಣ್ಣಾರೆ ನೋಡಿದೀನಿ."

ಕಾಫಿ ಕುಡಿದು ಎದ್ದುಬಂದೆ.

ಗಿರಾಕಿ ಒಪ್ಪದಿದ್ದರೆ ಮೇಲೊಂದು ಲೋಟ ಇಟ್ಟು ಕೊಡು ಅನ್ನುವುದು ನಮ್ಮ ಕಸುಬಿನ ಹಳೆಯ ವಿದ್ಯೆ. ಮುಂದಿನ ಸಲ ಹೋಗುವಾಗ ಅಂಗಡಿಯ ದೊಡ್ಡ ಕುಕ್ಕರೊಂದನ್ನು ಹೊತ್ತುಕೊಂಡೇ ಹೋದೆ. "ಸೂಜಿ ಹಾಕಿಸ್ಕೊಂಡು ಬಾ ಅಕ್ಕ, ಇದು ನಿಂದು."

ಅಕ್ಕ ಮುಚ್ಚಳ ತೆಗೆದಳು, ಒಳಗೆ ನೋಡಿದಳು, ಅಡಿ ಬಡಿದಳು. "ಮಾಲು ಚೆನ್ನಾಗಿದೆ. ಮಾರಾಯ್ತಿ, ಇಷ್ಟು ದೊಡ್ಡ ಕುಕ್ಕರ್ ಮೇಲಿಟ್ಟು ಕೊಡಬೇಕಾದ್ರೆ ಆ ಸೂಜಿ ಇನ್ನೆಂಥದ್ದಿರಬೇಕು!"

ಕುಕ್ಕರನ್ನು ಮತ್ತೆ ಹೊತ್ತುಕೊಂಡು ಬಂದೆ. ಅದರೊಳಗೆ ಹಪ್ಪಳ ತುಂಬಿ ಕಳಿಸಿದ್ದಳು.

ಅಷ್ಟರಲ್ಲಿ ಲಾಕ್‌ಡೌನ್ ಆಯಿತು. ಅಂಗಡಿಗೆ ಬೀಗ, ಬಸ್ಸಿಲ್ಲ. ಶಿವಮೊಗ್ಗದಿಂದ ಭದ್ರಾವತಿ ಅಂದರೆ ಅರ್ಧ ಗಂಟೆಯ ದಾರಿ, ಅದೇ ಪರದೇಶವಾಯಿತು. ಉಳಿದದ್ದು ಫೋನು. ಒಂದು ಸಂಜೆ ಭಾವ ಗೆದ್ದವರ ದನಿಯಲ್ಲಿ ಫೋನು ಮಾಡಿದರು.

"ಆಸ್ಪತ್ರೆ ಸೇರಿದೋರಲ್ಲಿ ಸೂಜಿ ತಗೊಂಡೋರೂ ಇದಾರಂತೆ. ವಾಟ್ಸಾಪಲ್ಲಿ ಬಂದಿದೆ. ಈಗೇನಂತೀಯ ಪಂಡಿತೆ?"

"ಫೋನ್ ಸ್ಪೀಕರಿಗೆ ಹಾಕಿ ಭಾವ. ಅಕ್ಕನೂ ಕೇಳಲಿ. ನನ್ನ ಅಂಗಡಿಗೆ ಯಾವ ಕಂಪನಿ ಕುಕ್ಕರ್ ರಿಪೇರಿಗೆ ಜಾಸ್ತಿ ಬರುತ್ತೆ ಹೇಳಿ."

"ಕಳಪೆ ಕಂಪನಿದು. ಇದೂ ಒಂದು ಪ್ರಶ್ನೆಯಾ?"

"ಅಲ್ಲ. ನಾನು ಜಾಸ್ತಿ ಮಾರಿದ ಕಂಪನಿದು. ಊರ ತುಂಬ ಅದೇ ಇದೆ, ಅದೇ ಜಾಸ್ತಿ ಬರುತ್ತೆ. ಕಳಪೇದನ್ನ ನಾನು ಮಾರಿರೋದೇ ನಾಕು, ಅದರಲ್ಲಿ ಮೂರು ವಾಪಸ್ ಬಂದಿರುತ್ತೆ. ಕಟ್ಟೆ ಮೇಲೆ ಗುಡ್ಡೆ ನೋಡಿದ್ರೆ ಒಳ್ಳೆ ಕಂಪನೀನೇ ಕೆಟ್ಟದ್ದು ಅನ್ಸುತ್ತೆ."

ಟಿವಿಯ ಗಲಾಟೆಯ ನಡುವೆ ಅಕ್ಕನ ದನಿ ಬಂತು: "ಆ ಟಿವಿ ಆರಿಸ್ರೀ. ಹಾಗಾದ್ರೆ ಮಾರಿದ್ದೆಷ್ಟು ಅಂತ ಗೊತ್ತಿಲ್ಲದೆ ವಾಪಸ್ ಬಂದಿದ್ದನ್ನ ಎಣಿಸಿ ಪ್ರಯೋಜನ ಇಲ್ಲ ಅನ್ನು."

"ಅಷ್ಟೇ ಅಕ್ಕ."

"ನಾನು ಮೂಲೆ ಮನೆ ಒಂದನ್ನೇ ಎಣಿಸಿದೀನಿ" ಅಂದಳು. ಫೋನು ಕಟ್ಟಾಯಿತು.

ಮಾರನೇ ದಿನ ಅವಳು ಅಟ್ಟದಿಂದ ಅಳಗುಳಿಮಣೆ ಇಳಿಸಿದಳಂತೆ. ಎರಡು ಸಾಲು ಗುಳಿಗಳ ಆ ಮರದ ಮಣೆ ನಮ್ಮ ಅಮ್ಮನದು. ಮಳೆಗಾಲದಲ್ಲಿ ಹುಣಸೆಬೀಜ ಹಾಕಿ ನಾವಿಬ್ಬರೂ ಆಡಿ ಜಗಳವಾಡುತ್ತಿದ್ದದ್ದು. ಅಕ್ಕ ಮೇಲಿನ ಸಾಲನ್ನು ಸೂಜಿ ತಗೊಂಡವರಿಗೆ, ಕೆಳಗಿನದನ್ನು ತಗೊಳ್ಳದವರಿಗೆ ಅಂತ ಇಟ್ಟಳು. ಏನೂ ಆಗದವರ ಬೀಜ ಮೊದಲ ಗುಳಿಗೆ. ಮೈಕೈ ನೋವು, ಜ್ವರ ಬಂದು ಮರುದಿನ ಎದ್ದವರದು ಅದರ ಪಕ್ಕದ್ದಕ್ಕೆ. ಕೊರೊನಾ ಬಂದು ಮನೆಯಲ್ಲೇ ಗುಣವಾದವರು ಮೂರನೆಯದಕ್ಕೆ. ಆಸ್ಪತ್ರೆ ಸೇರಿದವರು, ತಿರುಗಿ ಬಾರದವರು ಕೊನೆಗೆ. ಒಬ್ಬರಿಗೆ ಒಂದೇ ಬೀಜ. ಅವರ ಸ್ಥಿತಿ ಬದಲಾದರೆ ಬೀಜವೂ ಗುಳಿ ಬದಲಿಸಬೇಕು.

ಭಾವ ನನಗೆ ಗುಟ್ಟಾಗಿ ಫೋನು ಮಾಡಿದರು. "ಆರೋಗ್ಯ ಇಲಾಖೆ ನಮ್ಮ ನಡುಮನೆಗೆ ಬಂದಿದೆ ಮಾರಾಯ್ತಿ. ನಾನು ಫ್ಯಾನ್ ಹಾಕಿದ್ರೂ ಬೈತಾಳೆ, ಬೀಜ ಅಲ್ಲಾಡುತ್ತಂತೆ!"

ಅಕ್ಕ ಕಾಂಪೌಂಡಿನ ಈ ಕಡೆ ನಿಂತು ಆ ಕಡೆಯವರನ್ನು ಕೇಳಿದಳು, ದೂರದವರಿಗೆ ಫೋನು ಮಾಡಿದಳು. "ಯಾರೋ ಹೇಳಿದ್ರು" ಅನ್ನುವ ಮಾತಿಗೆ ಅವಳ ಮಣೆಯಲ್ಲಿ ಜಾಗವಿರಲಿಲ್ಲ. ಆ ಮನೆಯವರೇ ಬಾಯಿಬಿಟ್ಟು ಹೇಳಬೇಕು. ನಾನು ಕೇಳಿದಾಗೆಲ್ಲ "ಆಟ ಮುಗೀಲಿ, ತಡಿ" ಅನ್ನುತ್ತಿದ್ದಳು. ನನಗೋ ಒಂದೊಂದು ದಿನವೂ ಒಂದೊಂದು ಯುಗ. ಅವಳು ಬೀಜ ಎಣಿಸುವುದರೊಳಗೆ ರೋಗ ಅವಳ ಬಾಗಿಲಿಗೆ ಬಂದರೆ? ಆ ದಿನಗಳಲ್ಲಿ ಆಂಬುಲೆನ್ಸಿನ ಕೂಗು ನಮ್ಮ ಬೀದಿಯಲ್ಲೂ ಕೇಳುತ್ತಿತ್ತು, ಅವಳ ಫೋನಿನ ಹಿಂದೆಯೂ ಕೇಳುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಭಾವನ ಮೊಬೈಲಿನಿಂದ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಮಣೆ. ಮೇಲಿನ ಸಾಲಿನಲ್ಲಿ ಜ್ವರದ ಗುಳಿ ತುಂಬಿ ಚೆಲ್ಲುತ್ತಿತ್ತು. ಅದನ್ನು ನೋಡಿ, ಇನ್ನು ಇವಳು ಒಪ್ಪಿದ ಹಾಗೇ ಅಂದುಕೊಂಡೆ. ಅದೇ ಸಾಲಿನ ಕೊನೆಯ ಗುಳಿಯಲ್ಲಿ ಒಂದೇ ಬೀಜ.

"ಅದು ಮೂಲೆ ಮನೆಯವರದಾ?"

"ಹೂಂ. ಅವರ ಹೆಂಡತೀನ ಕೇಳಿದೆ. ಮೊದಲೇ ಹಾರ್ಟಿಗೆ ಆಪರೇಷನ್ ಆಗಿತ್ತಂತೆ. ಹಿಂದಿನ ತಿಂಗಳೇ ಎದೆನೋವು ಅಂತಿದ್ರಂತೆ."

ನನ್ನೊಳಗಿನ ವ್ಯಾಪಾರಿ ಸುಮ್ಮನಿರಬೇಕಲ್ಲ. "ಹಾಗಾದ್ರೆ ಅದನ್ನ ತೆಗೆದುಬಿಡು ಅಕ್ಕ. ಲೆಕ್ಕ ಚೆಂದ ಕಾಣುತ್ತೆ."

"ಕಾಣೋದು ಚೆಂದ ಆಗುತ್ತೆ, ಲೆಕ್ಕ ಕೆಡುತ್ತೆ. ಸೂಜಿ ತಗೊಂಡಿದ್ದು ನಿಜ, ಹೋಗಿದ್ದೂ ನಿಜ. ಯಾವುದರಿಂದ ಅಂತ ನಂಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಅಲ್ಲೇ ಇರಲಿ." ಆಮೇಲೆ ಅವಳ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಈಗ ಇಲ್ಲಿ ನೋಡು."

ಕೆಳಗಿನ ಸಾಲಿನ ಕೊನೆಯ ಗುಳಿಯಲ್ಲಿದ್ದ ಬೀಜಗಳನ್ನು ನಾನು ಎಣಿಸಲಿಲ್ಲ. ಅವಳೂ ಹೆಸರು ಹೇಳಲಿಲ್ಲ. ಆ ಮನೆಗಳ ಜಗುಲಿಯಲ್ಲೆಲ್ಲ ನಾನು ಬುಟ್ಟಿ ಇಳಿಸಿದವಳು.

"ಸೂಜಿ ತಗೊಳ್ದೋರೇ ನಮ್ಮಲ್ಲಿ ಜಾಸ್ತಿ, ಅದಕ್ಕೆ ಕೆಳಗೆ ಬೀಜ ಜಾಸ್ತಿ ಅಂತ ಮೊದಲು ಅಂದ್ಕೊಂಡೆ, ನಿನ್ನ ಕುಕ್ಕರ್ ಕಥೆ ಥರ" ಅಂದಳು ಅಕ್ಕ. "ಅದಕ್ಕೇ ಮೇಲಿನ ಸಾಲಿನವರಷ್ಟೇ ಜನರನ್ನ ಕೆಳಗಿನಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಆಗಲೂ ಕೊನೇ ಗುಳೀಲಿ ಕೆಳಗಿನೋರೇ ಜಾಸ್ತಿ. ಮೇಲಿನೋರು ನನ್ನಂಥ ವಯಸ್ಸಾದೋರು ಬೇರೆ, ಅವರಿಗೇ ಜಾಸ್ತಿ ಆಗಬೇಕಿತ್ತು."

"ಅಂದ್ರೆ…"

"ಅಂದ್ರೆ ಇದು ನಮ್ಮ ಸಾಲಿನ ಲೆಕ್ಕ, ಅಷ್ಟೇ. ದೇಶದ ಲೆಕ್ಕ ಹಾಕೋಕೆ ಬೇರೆಯವರಿದಾರೆ. ಆದ್ರೆ ಅವರು ಹಾಕಿದ್ದನ್ನ ಹೇಗೆ ಓದಬೇಕು ಅಂತ ಈಗ ಗೊತ್ತಾಯ್ತು." ಬೀಜಗಳ ಮೇಲೆ ಬಟ್ಟೆ ಮುಚ್ಚಿದಳು. "ಯಾವತ್ತು ಕೊಡ್ತಾರಂತೆ, ವಿಚಾರಿಸು."

ಬಾಯಿಯ ಬಲದಿಂದ ಬದುಕು ಕಟ್ಟಿದವಳು ನಾನು. ನನ್ನ ಚೌಕಾಸಿಗೆ, ನನ್ನ ಕುಕ್ಕರಿಗೆ ಬಗ್ಗದವಳು ತಾನೇ ಲೆಕ್ಕ ಹಾಕಿ ತಾನೇ ತೀರ್ಮಾನಿಸಿದ್ದಳು. ನನ್ನ ಅಕ್ಕ ಅಂತ ಹೇಳಿಕೊಳ್ಳಲು ಅದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿರಲಿಲ್ಲ.

ಆದರೆ ಪುಕ್ಕಟೆಯಾಗಿ ಬಿದ್ದಿದ್ದಾಗ ಬೇಡವಾಗಿದ್ದ ಮಾಲಿಗೆ ಅಷ್ಟರಲ್ಲಿ ಬರ ಬಂದಿತ್ತು. ಸ್ಟಾಕಿಲ್ಲ ಅನ್ನುವ ಸುದ್ದಿ ಬಂದದ್ದೇ ತಡ, ಬೇರೆ ಕಂಪನಿಗೆ ಕಾಯುತ್ತಿದ್ದವರೆಲ್ಲ ಲಸಿಕೆ ಹಾಕುತ್ತಿದ್ದ ಶಾಲೆಯ ಮುಂದೆ ಸಾಲು ನಿಂತರು. ಬಜಾರಿನ ಬುದ್ಧಿಯೇ ಹಾಗೆ. ಅಕ್ಕ ಭಾವನ ಸ್ಕೂಟರಿನಲ್ಲಿ ಹೋಗಿ ಟೋಕನ್ ಸಿಗದೆ ಬರಿಗೈಯಲ್ಲಿ ಬಂದಳು. ನಾನು ಶಿವಮೊಗ್ಗದಲ್ಲಿ ಕೂತು, ಗೊತ್ತಿದ್ದ ಗಿರಾಕಿಗಳಿಗೆಲ್ಲ ಫೋನು ಹಚ್ಚಿ ಎಲ್ಲಿ ಸ್ಟಾಕ್ ಬಂದಿದೆ ಅಂತ ಪತ್ತೆ ಮಾಡುತ್ತಿದ್ದೆ. ಆಯನೂರಿನಲ್ಲಿದೆ, ಹೊಳೆಹೊನ್ನೂರಿನಲ್ಲಿದೆ ಅನ್ನುತ್ತಿದ್ದರು. ವಿಚಾರಿಸಿದರೆ ಅಲ್ಲೂ ಮುಗಿದಿರುತ್ತಿತ್ತು. ಅಕ್ಕ ಮಾತ್ರ ಗಾಬರಿಯಾಗಲಿಲ್ಲ. ಮತ್ತೆ ಹೋಗುವಾಗ ಮಡಚುವ ಸ್ಟೂಲು, ನೀರಿನ ಬಾಟಲಿ, ಮೊಸರನ್ನದ ಡಬ್ಬಿ ತೆಗೆದುಕೊಂಡು ಬೆಳಕು ಹರಿಯುವ ಮೊದಲೇ ಹೋಗಿ ಕೂತಳು. ನಡುವೆ ನುಗ್ಗಲು ಬಂದ ಒಬ್ಬ ಗಂಡಸಿಗೆ, "ನಿಮಗೆ ಅವಸರ ಇದ್ರೆ ನನ್ನ ಸ್ಟೂಲ್ ಕೊಡ್ತೀನಿ, ಹಿಂದೆ ಹೋಗಿ ಕೂತ್ಕೊಳ್ಳಿ" ಅಂದಳಂತೆ. ಅವತ್ತು ಸಿಕ್ಕಿತು.

ರಾತ್ರಿಗೆ ಜ್ವರ ಏರಿತು. ಬೆಳಿಗ್ಗೆ ಫೋನಿನಲ್ಲಿ ದನಿ ನಡುಗುತ್ತಿತ್ತು.

"ಡಾಕ್ಟರಿಗೆ ಹೇಳಿದ್ಯಾ?"

"ಹೇಳಿದೆ. ಮಾತ್ರೆ ತಗೊಂಡು ಮಲಗಿ, ಇಳಿಯುತ್ತೆ ಅಂದ್ರು."

"ಸರಿ. ಜಗುಲಿ ಹೆಂಗಸರಿಗೆ ಮಾತ್ರ ಹೇಳಬೇಡ ಅಕ್ಕ. ಈಗಷ್ಟೇ ಮನಸ್ಸು ಮಾಡ್ತಿದಾರೆ, ಹೆದರಿಬಿಡ್ತಾರೆ."

"ನಿನ್ನ ಮುಖ! ಆಗಲೇ ಎಲ್ಲರಿಗೂ ಫೋನ್ ಮಾಡಿ ಹೇಳಿದೀನಿ. ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗಾಗುತ್ತೆ, ಒಂದು ದಿನ ಅಡುಗೆ ಮಾಡಿಟ್ಟುಕೊಂಡು ಹೋಗಿ ಅಂತ."

"ಅಯ್ಯೋ! ವ್ಯಾಪಾರ ಕೆಡಿಸಿದೆಯಲ್ಲೇ!"

"ಹೇಳದೆ ಕಳಿಸಿದ್ರೆ, ಜ್ವರ ಬಂದಾಗ ಅವರಿಗೆ ಮೂಲೆ ಮನೆ ನೆನಪಾಗುತ್ತೆ. ಆಮೇಲೆ ನನ್ನ ಯಾವ ಮಾತೂ ನಂಬಲ್ಲ. ಇಡು ಫೋನು, ಚಳಿ ಆಗ್ತಿದೆ."

ಈ ಒಂದು ವಿಷಯದಲ್ಲಿ ನನ್ನ ಕಸುಬು ಸೋತಿತು ಅಂತ ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೆಂಗಸರು ಹೆದರಲಿಲ್ಲ. ಅಡುಗೆ ಮಾಡಿಟ್ಟು, ಅಕ್ಕನ ಸ್ಟೂಲನ್ನೇ ಸರದಿಯ ಮೇಲೆ ಒಯ್ದರು. ಎದುರು ಮನೆಯ ತಮಿಳು ಹೆಂಗಸು ನನಗೇ ಫೋನು ಮಾಡಿ, "ಜ್ವರ ಬಂತಮ್ಮಾ, ನಿಮ್ಮಕ್ಕ ಹೇಳಿದ್ದಕ್ಕಿಂತ ಕಡಿಮೆ!" ಅಂತ ಲಾಭ ಮಾಡಿಕೊಂಡವರ ಹಾಗೆ ಹೇಳಿದಳು. ಭಾವ ಎಲ್ಲರೂ ಎದ್ದು ಓಡಾಡುವುದನ್ನು ನೋಡಿಕೊಂಡು ಕೊನೆಗೆ ತಾವೂ ಹೋಗಿ ಚುಚ್ಚಿಸಿಕೊಂಡರು.

ಮೊದಲ ಡೋಸಾಗಿ ಕೆಲವು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಅಕ್ಕನಿಗೆ ಒಗ್ಗರಣೆಯ ವಾಸನೆ ಬರಲಿಲ್ಲ. ಇಂಗು ಮೂಗಿಗೆ ಹಿಡಿದರೂ ಇಲ್ಲ. ಟೆಸ್ಟಿನಲ್ಲಿ ಪಾಸಿಟಿವ್.

ನಾನು ಅಂಕಿಗಳನ್ನೆಲ್ಲ ಬಡಿದು ನೋಡಿದವಳು. ಆದರೆ ಅಕ್ಕ ಅನ್ನುವವಳು ಅಂಕಿಯಲ್ಲವಲ್ಲ. ಒಂದೇ ಡೋಸು ಪೂರ್ತಿ ಕಾಪಾಡುವುದಿಲ್ಲ ಅಂತ ಗೊತ್ತಿತ್ತು. ಬಹಳ ಜನಕ್ಕೆ ಏನೂ ಆಗುವುದಿಲ್ಲ ಅನ್ನುವುದೂ ಗೊತ್ತಿತ್ತು. ಅವಳು ಆ ಬಹಳ ಜನರಲ್ಲಿ ಒಬ್ಬಳೋ, ಉಳಿದವರಲ್ಲಿ ಒಬ್ಬಳೋ ಅನ್ನುವುದನ್ನು ಯಾವ ಲೆಕ್ಕವೂ ಹೇಳುತ್ತಿರಲಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಔಷಧದ ಗಾಡಿಯವರ ಕೈಯಲ್ಲಿ ಕಳಿಸಿದೆ. ಹೊರಕೋಣೆಯಲ್ಲಿ ಅವಳು, ಒಳಗೆ ಭಾವ. ಡಾಕ್ಟರು ಫೋನಿನಲ್ಲೇ ಔಷಧ ಹೇಳುತ್ತಿದ್ದರು, ಸಕ್ಕರೆಯ ಮೇಲೆ ಕಣ್ಣಿಡಿ ಅನ್ನುತ್ತಿದ್ದರು. ನಾನು ಬೆಳಿಗ್ಗೆ ಫೋನು ಮಾಡಿದರೆ ಮೊದಲು ಕೆಮ್ಮು, ಆಮೇಲೆ ಮಾತು: "ಇದ್ದೀನಿ ಕಣೇ. ನೀನು ತಿಂಡಿ ತಿನ್ನು ಹೋಗು." ಉಬ್ಬಸ ಹೆಚ್ಚಾದ ದಿನ ಭಾವ ಆಂಬುಲೆನ್ಸಿನ ನಂಬರು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿನ ಹೊರಗೆ ಕೂತಿದ್ದರಂತೆ. ಕರೆಯಬೇಕಾಗಲಿಲ್ಲ. ನಿಧಾನಕ್ಕೆ ಕೆಮ್ಮು ಇಳಿಯಿತು, ಬೆರಳಿನ ಅಂಕಿ ಏರಿ ನಿಂತಿತು. ಅಕ್ಕ ತಾನೇ ಎದ್ದು ಬಚ್ಚಲ ಒಲೆಗೆ ಉರಿ ಹಾಕಿ ಸ್ನಾನ ಮಾಡಿದಳು ಅಂತ ಕೇಳಿದ ದಿನ ನಾನು ಮುಚ್ಚಿದ ಅಂಗಡಿಯ ಶಟರು ಅರ್ಧ ಎತ್ತಿ, ಒಳಗೆ ಕೂತು ಮನಸಾರೆ ಅತ್ತೆ.

ಸಂಜೆ ಫೋನು ಮಾಡಿದರೆ ಭಾವನ ಲೈನು ಸಿಕ್ಕಲೇ ಇಲ್ಲ. ನೆಂಟರಿಗೆಲ್ಲ ಒಬ್ಬೊಬ್ಬರಾಗಿ ಸುದ್ದಿ ಹೇಳುತ್ತಿದ್ದರಂತೆ. ಕೊನೆಗೆ ನನ್ನ ಸರದಿ ಬಂತು.

"ಕೇಳಿದೆಯೇನಮ್ಮಾ? ಸೂಜಿ ಮಹಿಮೆ! ಸೂಜಿ ಇಲ್ಲದಿದ್ರೆ ಇವಳು ಉಳೀತಾನೇ ಇರಲಿಲ್ಲ. ಎಲ್ಲರಿಗೂ ಹೇಳಿದೀನಿ, ವಾಟ್ಸಾಪಿಗೂ ಹಾಕಿದೀನಿ!"

ಹೊರಕೋಣೆಯಿಂದ ಕೆಮ್ಮಿನ ಜೊತೆಗೆ ದನಿ ಬಂತು: "ಅದನ್ನ ಮೊದಲು ಅಳಿಸ್ರೀ! ಸೂಜಿ ಇಲ್ಲದಿದ್ರೂ ಉಳೀತಿದ್ದೆನೋ ಏನೋ, ಯಾರು ಕಂಡಿದಾರೆ? ಅವತ್ತು ಮೂಲೆ ಮನೆಯವರು ಒಬ್ಬರನ್ನ ನೋಡಿ ನಾನು ಹೆದರಿದೆ. ಇವತ್ತು ನನ್ನೊಬ್ಬಳನ್ನ ನೋಡಿ ನೀವು ಕುಣೀತಿದೀರ. ಎರಡೂ ಒಂದೇ ದಡ್ಡತನ."

"ಮತ್ತೆ ನಾನೇನಂತ ಹಾಕಲಿ?" ಭಾವನ ದನಿ ಸಣ್ಣದಾಗಿತ್ತು.

"ಏನೂ ಹಾಕಬೇಡಿ. ಗುಣವಾದ ಮೇಲೆ ಎರಡನೇದು ಯಾವಾಗ ತಗೋಬೇಕು ಅಂತ ಡಾಕ್ಟರನ್ನ ಕೇಳಿ. ನಿಮ್ದೂ ಕೇಳಿ. ಹಾಗೇ ಅವಳಿಗೆ ಹೇಳಿ, ಬಸ್ ಬಿಟ್ಟ ಕೂಡಲೇ ಆ ಕುಕ್ಕರ್ ತಗೊಂಡು ಬರಲಿ. ಈಗ ಬೇಕಾದ್ರೆ ಇಸ್ಕೋತೀನಿ, ಈಗ ಅದು ಲಂಚ ಅಲ್ಲ."